ಮಲೆನಾಡಿನ ಏರಿಗೆ ಒಂದೇ ಗೇರಿನ ಸೈಕಲ್: ಎಷ್ಟು ಹಲ್ಲು, ಹೇಗೆ ಜೋಡಣೆ?

ಪ್ರಶ್ನೆ: ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟವಿದೆ. ನನ್ನ ಬಳಿ 27.5 ಇಂಚು ಚಕ್ರದ, ಮುಂದೆ ಮೂರು ಹಿಂದೆ ಏಳು ಗೇರಿನ ಹಳೆಯ ಮೌಂಟೇನ್ ಬೈಕ್ ಇದೆ. ಕಳೆದ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಕಡ್ಡಿಯೊಂದು ಸಿಕ್ಕಿಕೊಂಡು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್‌ ಫ್ರೇಮಿಗೆ ಕೂರುವ ತುಂಡು, ಅಂದರೆ ಹ್ಯಾಂಗರ್, ಬಾಗಿತು. ಅಂಗಡಿಯವರು ನೇರ ಮಾಡಿಕೊಟ್ಟರೂ ಕೆಸರು ತುಂಬಿದಾಗಲೆಲ್ಲ ಗೇರು ತಾನಾಗಿ ಜಾರುತ್ತದೆ. ಎಲ್ಲವನ್ನೂ ತೆಗೆಸಿ ಒಂದೇ ಗೇರಿನ ಸೈಕಲ್ ಮಾಡಿಕೊಳ್ಳಬಹುದೇ? ಎಷ್ಟು ಹಲ್ಲಿನ ಜೋಡಿ ಹಾಕಿಸಬೇಕು? ನನ್ನ ತೂಕ 70 ಕೆ.ಜಿ., ವಯಸ್ಸು ನಲವತ್ತು ದಾಟಿದೆ. ಮೊಣಕಾಲಿಗೆ ಪೆಟ್ಟಾದೀತೆಂಬ ಭಯವಿದೆ. ಮುಂದೊಂದು ದಿನ ಈ ಸೈಕಲ್ಲಿನಲ್ಲಿ ಮುಳ್ಳಯ್ಯನಗಿರಿ ಹತ್ತುವ ಆಸೆಯೂ ಇದೆ.

ಉತ್ತರ: ನಿಮ್ಮ ಸೈಕಲ್ಲನ್ನು ಒಂದೇ ಗೇರಿಗೆ ಇಳಿಸಬಹುದು. ಅದಕ್ಕೆ ಹೊಸ ಫ್ರೇಮು ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಆದರೆ ಈಗಲೇ ಅಂಗಡಿಗೆ ಹೋಗಿ ಎಲ್ಲವನ್ನೂ ಬಿಚ್ಚಿಸಬೇಡಿ. ಈಗಿರುವ ಗೇರುಗಳಲ್ಲೇ ಒಂದನ್ನು ಆರಿಸಿ, ಕೆಲವು ವಾರ ಶಿಫ್ಟರ್‌ಗೆ ಕೈ ಹಾಕದೆ, ನೀವು ನಿಜವಾಗಿ ಓಡಾಡುವ ದಾರಿಗಳಲ್ಲೆಲ್ಲ ಅದೊಂದರಲ್ಲೇ ಓಡಿಸಿ ನೋಡಿ. ಮುಂದೆ ಮೂರು, ಹಿಂದೆ ಏಳು ಗೇರಿನ ಸೈಕಲ್‌ಗಳಲ್ಲಿ ಪೆಡಲ್ ಬಳಿಯ ಮೂರು ಹಲ್ಲುಚಕ್ರಗಳಲ್ಲಿ ನಡುವಿನದಕ್ಕೆ 34 ಹಲ್ಲು, ಹಿಂದಿನ ಗೊಂಚಲಿನಲ್ಲಿ 14ರಿಂದ 28 ಹಲ್ಲು ಇರುವುದು ಸಾಮಾನ್ಯ. ನಿಮ್ಮದನ್ನು ಎಣಿಸಿ ಖಚಿತಪಡಿಸಿಕೊಳ್ಳಿ. ಮುಂದೆ 34, ಹಿಂದೆ 20 ಹಲ್ಲಿನ ಜೋಡಿಯಿಂದ ಪ್ರಯೋಗ ಆರಂಭಿಸಿ. ಒಂದು ರೂಪಾಯಿಯ ಖರ್ಚಿಲ್ಲದ ಈ ಪರೀಕ್ಷೆ, ಯಾವ ತಜ್ಞರ ಸಲಹೆಗಿಂತಲೂ ಸರಿಯಾದ ಉತ್ತರವನ್ನು ನಿಮ್ಮ ಕಾಲುಗಳಿಗೇ ಕೊಡುತ್ತದೆ.

ಆ ಜೋಡಿಯನ್ನೇ ಏಕೆ ಹೇಳಿದೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕು. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಬಂದದ್ದನ್ನು ಚಕ್ರದ ವ್ಯಾಸದಿಂದ ಗುಣಿಸಿದರೆ ‘ಗೇರ್ ಇಂಚು’ ಸಿಗುತ್ತದೆ. ಚೈನೇ ಇಲ್ಲದೆ ಪೆಡಲನ್ನು ನೇರವಾಗಿ ಮುಂಚಕ್ರಕ್ಕೆ ಜೋಡಿಸುತ್ತಿದ್ದ ಎತ್ತರದ ಹಳೆಯ ಸೈಕಲ್‌ಗಳ ಕಾಲದಿಂದ ಬಂದ ಅಳತೆ ಇದು. 34ನ್ನು 20ರಿಂದ ಭಾಗಿಸಿ 27.5ರಿಂದ ಗುಣಿಸಿದರೆ ಸುಮಾರು 46.8 ಗೇರ್ ಇಂಚು. ಅಂದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 3.73 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ವೇಗ, 45 ಸುತ್ತಿಗೆ ಗಂಟೆಗೆ 10 ಕಿ.ಮೀ. ಹಿಂದೆ 18 ಹಲ್ಲು ಹಾಕಿದರೆ ಇದು 52 ಗೇರ್ ಇಂಚಾಗಿ, 90 ಸುತ್ತಿಗೆ 22 ಕಿ.ಮೀ. ದಾಟುತ್ತದೆ, 22 ಹಲ್ಲಿಗೆ ಹೋದರೆ 42.5 ಗೇರ್ ಇಂಚಾಗಿ 18 ಕಿ.ಮೀ.ಗೆ ಇಳಿಯುತ್ತದೆ. ಮಟ್ಟಸ ನೆಲದಲ್ಲಿ ಈ ವ್ಯತ್ಯಾಸ ದೊಡ್ಡದೆನಿಸುವುದಿಲ್ಲ. ಏರಿನಲ್ಲಿ ಎರಡು ಹಲ್ಲು ಎಂದರೆ ಸವಾರಿ ಮತ್ತು ತಳ್ಳಾಟದ ನಡುವಿನ ಅಂತರ.

ಏರಿನ ಲೆಕ್ಕವನ್ನೂ ನೋಡಿ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, 170 ಮಿ.ಮೀ. ಉದ್ದವಿದ್ದರೆ ಪೆಡಲ್‌ನ ಒಂದು ಸುತ್ತಿನಲ್ಲಿ ನಿಮ್ಮ ಪಾದ 1.07 ಮೀಟರ್ ಚಲಿಸುತ್ತದೆ, ಅಷ್ಟರಲ್ಲಿ ಸೈಕಲ್ 3.73 ಮೀಟರ್ ಸಾಗಿರುತ್ತದೆ. ಇವೆರಡರ ಅನುಪಾತ ಮೂರೂವರೆ. ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008) ‘ಗೇನ್ ರೇಷಿಯೊ’ ಎಂದು ಹೆಸರಿಟ್ಟು ಪ್ರಚಾರಕ್ಕೆ ತಂದ ಸಂಖ್ಯೆ ಇದೇ. ಕ್ರ್ಯಾಂಕ್‌ನ ಉದ್ದವನ್ನೂ ಗಣನೆಗೆ ತೆಗೆದುಕೊಳ್ಳುವುದರಿಂದ ಗೇರ್ ಇಂಚಿಗಿಂತ ಇದು ಹೆಚ್ಚು ಪ್ರಾಮಾಣಿಕವಾದ ಅಳತೆ ಎಂಬುದು ನನ್ನ ಅಭಿಪ್ರಾಯ. ನೀವು 70, ಸೈಕಲ್ 13 ಎಂದುಕೊಂಡರೆ ಒಟ್ಟು 83 ಕೆ.ಜಿ. ಆಯಿತು. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಈ ತೂಕ ನಿಮ್ಮನ್ನು ಹಿಂದಕ್ಕೆಳೆಯುವ ಬಲ ಸುಮಾರು 6.6 ಕೆ.ಜಿ.ಯಷ್ಟು, ಅದನ್ನು ಮೂರೂವರೆಯಿಂದ ಗುಣಿಸಿದರೆ ಪೆಡಲ್ ಮೇಲೆ ಸರಾಸರಿ 23 ಕೆ.ಜಿ. ಒತ್ತಡ ಬೇಕು. ಆದರೆ ಪಾದ ಮೇಲ್ತುದಿಯಲ್ಲಿ ಮತ್ತು ಕೆಳತುದಿಯಲ್ಲಿ ಇರುವಾಗ ಒತ್ತಿದ್ದು ಪ್ರಯೋಜನಕ್ಕೆ ಬರುವುದಿಲ್ಲವಾದ್ದರಿಂದ, ಕ್ರ್ಯಾಂಕ್ ನೆಲಕ್ಕೆ ಸಮಾನಾಂತರವಾಗಿರುವ ಗಳಿಗೆಯಲ್ಲಿ ಸರಾಸರಿಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಂದರೆ ಸುಮಾರು 36 ಕೆ.ಜಿ. ಒತ್ತಬೇಕಾಗುತ್ತದೆ. ಏರು ಶೇಕಡಾ 12 ಆದರೆ ಅದು 55 ಕೆ.ಜಿ. ಆಗುತ್ತದೆ. ಶೇಕಡಾ 16ಕ್ಕೆ ಬಂದರೆ 73 ಕೆ.ಜಿ. ಬೇಕು, ನಿಮ್ಮ ತೂಕ ಇರುವುದೇ 70. ಆಗ ಪೆಡಲ್ ಮೇಲೆ ಪೂರ್ತಿ ಎದ್ದು ನಿಂತರೂ ಚಕ್ರ ತಿರುಗದು. ಹ್ಯಾಂಡಲ್‌ಬಾರನ್ನು ತೋಳಿನಿಂದ ಮೇಲಕ್ಕೆಳೆದು ಆ ಕೊರತೆಯನ್ನು ತುಂಬಬೇಕು. ಟೈರಿನ ಉರುಳುವಿಕೆಯ ಪ್ರತಿರೋಧವನ್ನು ನಾನು ಇಲ್ಲಿ ಸೇರಿಸಿಲ್ಲ. ಮೆತ್ತನೆಯ ಮಣ್ಣಿನಲ್ಲಿ ಅದೂ ಕೂಡಿಕೊಳ್ಳುತ್ತದೆ.

ಈ ಲೆಕ್ಕದಿಂದ ನಾನು ಹೇಳಬಯಸುವುದು ಇಷ್ಟು. ನಿಮ್ಮ ದಾರಿಯಲ್ಲಿರುವ ಅತಿ ಕಡಿದಾದ ಏರನ್ನು ನೋಡಿ ಗೇರು ಆರಿಸಬೇಡಿ. ಅತಿ ಹೆಚ್ಚು ಹೊತ್ತು ಯಾವ ಬಗೆಯ ಏರಿನಲ್ಲಿ ಕಳೆಯುತ್ತೀರೋ ಅದಕ್ಕೆ ಹೊಂದುವ ಗೇರು ಹಾಕಿ, ಅದರಾಚೆಯದನ್ನು ಇಳಿದು ತಳ್ಳಿ. ಕಡಿದಾದ ನೂರು ಮೀಟರಿಗಾಗಿ 26 ಹಲ್ಲು ಹಾಕಿಸಿಕೊಂಡವರು ಉಳಿದ ಹತ್ತು ಕಿಲೋಮೀಟರ್ ಸುಮ್ಮನೆ ಗಿರಗಿರನೆ ಕಾಲಾಡಿಸುತ್ತ ಬೇಸತ್ತು, ಕೆಲವೇ ತಿಂಗಳಲ್ಲಿ ಸೈಕಲ್ಲನ್ನು ಮೂಲೆಗೆ ಹಾಕಿರುವುದನ್ನು ನೋಡಿದ್ದೇನೆ. ತಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಮೌಂಟೇನ್ ಬೈಕಿಂಗ್ ಹುಟ್ಟಿದ್ದೇ ಒಂದೇ ಗೇರಿನ, ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯುವ ಹಳೆಯ ಭಾರದ ಸೈಕಲ್‌ಗಳಿಂದ. ಆ ಹುಡುಗರು ಬೆಟ್ಟವನ್ನು ತುಳಿದು ಹತ್ತುತ್ತಿರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡೋ ಟ್ರಕ್ಕಿನಲ್ಲಿ ಹೇರಿಕೊಂಡೋ ಮೇಲಕ್ಕೊಯ್ದು ಕೆಳಗಿಳಿಯುತ್ತಿದ್ದರು. 1976ರಲ್ಲಿ ಆರಂಭವಾದ ‘ರಿಪ್ಯಾಕ್’ ಸ್ಪರ್ಧೆಗೆ ಆ ಹೆಸರು ಬಂದದ್ದು, ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್‌ನಲ್ಲಿದ್ದ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು ಎಂಬ ಕಾರಣಕ್ಕೆ.

ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ದಾರಿಗಳು ಒಂದೇ ಸಮನೆ ಏರುವುದಿಲ್ಲ. ಹಳ್ಳಕ್ಕಿಳಿದು ದಿಬ್ಬ ಹತ್ತಿ ಮತ್ತೆ ಇಳಿಯುತ್ತವೆ. ಒಂದೇ ಗೇರಿನ ಸೈಕಲ್‌ಗೆ ಇಂಥ ನೆಲ ಬಹಳ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಇಳಿಜಾರಿನ ಓಟವೇ ಮುಂದಿನ ಅರ್ಧ ಏರನ್ನು ಹತ್ತಿಸುತ್ತದೆ. ಆದ್ದರಿಂದ ನಿಮಗೆ 34/20 ಎಂದೆ. ಮೊದಲ ವಾರಗಳಲ್ಲಿ ಪ್ರತಿಯೊಂದು ಸಾಧಾರಣ ಏರಿನಲ್ಲೂ ಇಳಿಯಬೇಕಾಗಿ ಬಂದರೆ 22ಕ್ಕೆ ಹೋಗಿ, ಸಂಕೋಚ ಬೇಡ. ಕಡೂರು, ಸಖರಾಯಪಟ್ಟಣ, ಜಾವಗಲ್, ಅರಸೀಕೆರೆ ಕಡೆಯ ಬಯಲಿನಲ್ಲಿ ಓಡಿಸುವವರು ಇದೇ ಪ್ರಶ್ನೆ ಕೇಳಿದ್ದರೆ ನಾನು 34/18 ಅಥವಾ 34/17 ಹೇಳುತ್ತಿದ್ದೆ. 29 ಇಂಚಿನ ಚಕ್ರವಿದ್ದವರು ಮುಂದೆ 32, ಹಿಂದೆ 20 ಹಾಕಿದರೆ ಹೆಚ್ಚುಕಡಿಮೆ ನಿಮ್ಮಷ್ಟೇ ಗೇರು ಬರುತ್ತದೆ. ಹಳೆಯ 26 ಇಂಚಿನವರಿಗೆ 32/18 ಹತ್ತಿರದ ಜೋಡಿ.

ಇನ್ನು ಜೋಡಣೆ. ಮೊದಲು ನಿಮ್ಮ ಹಿಂಚಕ್ರದ ಹಬ್ ಯಾವ ಜಾತಿಯದೆಂದು ತಿಳಿಯಬೇಕು, ಏಕೆಂದರೆ ಮುಂದಿನ ಎಲ್ಲ ಖರ್ಚೂ ಅದನ್ನು ಅವಲಂಬಿಸಿದೆ. ಚಕ್ರವನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಹಲ್ಲುಗಳ ಗೊಂಚಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಆಕ್ಸಲ್‌ನ ಸುತ್ತ ಟೂಲು ಕೂರಿಸಲೆಂದು ಇರುವ ಗೀರುಗಳ ಉಂಗುರವನ್ನು ಗಮನಿಸಿ. ಹಲ್ಲುಗಳ ಜೊತೆಗೆ ಆ ಉಂಗುರವೂ ತಿರುಗಿದರೆ ಅದು ಕ್ಯಾಸೆಟ್. ಹಲ್ಲುಗಳು ಮಾತ್ರ ತಿರುಗಿ ಉಂಗುರ ನಿಂತಲ್ಲೇ ನಿಂತರೆ ಅದು ಥ್ರೆಡ್ಡಿನ ಮೇಲೆ ಕೂರುವ ಫ್ರೀವೀಲ್. ಏಳು ಗೇರಿನ, ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಫ್ರೀವೀಲ್ ಇರುವುದೇ ಹೆಚ್ಚು.

ಕ್ಯಾಸೆಟ್ ಆಗಿದ್ದರೆ ನಿಮ್ಮ ಕೆಲಸ ಸುಲಭ. ಲಾಕ್‌ರಿಂಗ್ ಬಿಚ್ಚಿ, ಗೊಂಚಲನ್ನು ಹೊರತೆಗೆದು, ಒಂದೇ ಹಲ್ಲುಚಕ್ರವನ್ನೂ ಅದರ ಎರಡೂ ಬದಿಗೆ ಬೇಕಾದಷ್ಟು ಸ್ಪೇಸರ್‌ಗಳನ್ನೂ ಕೂರಿಸಿ ಮತ್ತೆ ಬಿಗಿದರೆ ಆಯಿತು. ಆ ಹಲ್ಲುಚಕ್ರ ಒಂದೇ ಗೇರಿಗೆಂದು ತಯಾರಾದದ್ದಾಗಿರಲಿ. ಹಳೆಯ ಕ್ಯಾಸೆಟ್ಟಿನಿಂದ ಕಿತ್ತ ಹಲ್ಲುಚಕ್ರಗಳ ಕೆಲವು ಹಲ್ಲುಗಳನ್ನು ಚೈನು ಸುಲಭವಾಗಿ ಪಕ್ಕಕ್ಕೆ ಜಿಗಿಯಲೆಂದೇ ಮೋಟಾಗಿ, ಓರೆಯಾಗಿ ಕತ್ತರಿಸಿರುತ್ತಾರೆ; ಒಂದೇ ಗೇರಿನಲ್ಲಿ ನಮಗೆ ಬೇಡವಾದದ್ದು ಆ ಜಿಗಿತವೇ.

ಫ್ರೀವೀಲ್ ಆಗಿದ್ದರೆ ಬಿಚ್ಚಲು ಅದರದೇ ರಿಮೂವರ್ ಬೇಕು. ಪ್ರತಿ ತುಳಿತವೂ ಫ್ರೀವೀಲನ್ನು ಇನ್ನಷ್ಟು ಬಿಗಿಯುವುದರಿಂದ, ವರ್ಷಗಟ್ಟಲೆ ಓಡಿಸಿದ ಮೇಲೆ ಅದು ಹಟ ಹಿಡಿದು ಕೂತಿರುತ್ತದೆ; ಸುತ್ತಿಗೆ, ಉಳಿ ಹಿಡಿದು ಬರುವವರ ಕೈಗೆ ಚಕ್ರ ಕೊಡಬೇಡಿ. ಹೊಸ ಸಿಂಗಲ್ ಫ್ರೀವೀಲನ್ನು ಹಾಕುವಾಗ ಥ್ರೆಡ್ಡಿಗೆ ಧಾರಾಳವಾಗಿ ಗ್ರೀಸು ಬಳಿಸಿ. ಈ ಹಬ್ಬುಗಳ ಥ್ರೆಡ್ ಸಾಮಾನ್ಯವಾಗಿ 1.37 ಇಂಚು ವ್ಯಾಸದ್ದು, ಇಂಚಿಗೆ 24 ಸುತ್ತಿನದು. ಹೊಸದನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ ನೋಡಿ. ಬೆರಳಿಗೆ ಹೋಗದ್ದನ್ನು ಪಾನಾ ಹಾಕಿ ತಿರುಗಿಸಿದರೆ ಹಬ್ ಹಾಳಾಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ, ಹೆಚ್ಚಿನ ಅಂಗಡಿಗಳಲ್ಲಿ ಅದನ್ನು ಗಮನಿಸುವುದಿಲ್ಲ. ಏಳು ಹಲ್ಲುಚಕ್ರಗಳಿಗೆ ಜಾಗ ಬಿಟ್ಟು ಮಾಡಿದ ಹಬ್ಬಿನಲ್ಲಿ ಒಂದೇ ಫ್ರೀವೀಲ್ ಕೂರಿಸಿದರೆ ಅದು ಒಳಕ್ಕೆ, ಚಕ್ರದ ಕಡ್ಡಿಗಳ (ಸ್ಪೋಕ್) ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಮುಂದಿನ ಚೈನ್‌ವೀಲ್ ಹೊರಗೆ, ಹಿಂದಿನದು ಒಳಗೆ, ಚೈನು ಓರೆ. ಗೇರಿನ ಸೈಕಲ್ ಇಂಥ ಓರೆಯನ್ನು ಸಹಿಸಿಕೊಳ್ಳುತ್ತದೆ. ಒಂದೇ ಗೇರಿನದು ಸಹಿಸುವುದಿಲ್ಲ. ನೀವು ಎದ್ದು ನಿಂತು ಪೂರ್ತಿ ತೂಕ ಹಾಕಿ ತುಳಿಯುವಾಗ ಚೈನು ಕಳಚಿದರೆ, ಪಾದದಡಿಯ ಆಧಾರ ಒಮ್ಮೆಲೇ ತಪ್ಪಿ ಎದೆ ಹ್ಯಾಂಡಲ್‌ಗೆ, ಮೊಣಕಾಲು ಸ್ಟೆಮ್ಮಿಗೆ ಬಡಿಯುತ್ತದೆ. ನೇರ ಚೈನು ಮತ್ತು ಬಿಗಿ ಚೈನು, ಇವೆರಡರ ವಿಷಯದಲ್ಲಿ ಮಾತ್ರ ಯಾವ ರಾಜಿಯನ್ನೂ ಮಾಡಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಚೈನಿನ ನೇರವನ್ನು ಅಳೆಯಲು ಒಂದು ಸ್ಟೀಲ್ ಸ್ಕೇಲು ಸಾಕು. ಸೀಟಿನ ಕೆಳಗಿನ ಕೊಳವೆಯ ಹೊರಮೈಯಿಂದ ಮುಂದಿನ ಹಲ್ಲಿನ ನಡುಮಧ್ಯಕ್ಕೆ ಎಷ್ಟು ಮಿ.ಮೀ. ಇದೆ ನೋಡಿ, ಅದಕ್ಕೆ ಕೊಳವೆಯ ಅರ್ಧ ದಪ್ಪವನ್ನು ಕೂಡಿಸಿ. ಉದಾಹರಣೆಗೆ, ಕೊಳವೆ 32 ಮಿ.ಮೀ. ದಪ್ಪವಿದ್ದು, ಅದರಿಂದ ಹಲ್ಲಿಗೆ 32 ಮಿ.ಮೀ. ಇದ್ದರೆ ಒಟ್ಟು 48. ಮೂರು ಚಕ್ರದ ಕ್ರ್ಯಾಂಕ್‌ಗಳಲ್ಲಿ ನಡುವಿನದು ಸಾಮಾನ್ಯವಾಗಿ 47.5ರಿಂದ 50 ಮಿ.ಮೀ. ಒಳಗೆ ಬರುತ್ತದೆ. ಹಿಂದೆ, ಫ್ರೇಮಿನಲ್ಲಿ ಆಕ್ಸಲ್ ಕೂರುವ ಎರಡು ಕಚ್ಚುಗಳ (ಡ್ರಾಪ್‌ಔಟ್) ನಡುವಿನ ಅಗಲ 135 ಮಿ.ಮೀ. ಇದ್ದರೆ ಅದರ ಅರ್ಧ 67.5. ಬಲಗಡೆಯ ಡ್ರಾಪ್‌ಔಟ್‌ನ ಒಳಮೈಯಿಂದ ಹಿಂದಿನ ಹಲ್ಲಿನ ಮಧ್ಯಕ್ಕೆ ಇರುವ ದೂರವನ್ನು ಅದರಿಂದ ಕಳೆಯಿರಿ. ಆ ದೂರ 19.5 ಇದ್ದರೆ ಉಳಿಯುವುದು 48; ಮುಂದಿನದಕ್ಕೆ ಸರಿಹೊಂದಿತು. ಒಂದು ಮಿ.ಮೀ. ಆಚೀಚೆ ಆದರೆ ಚಿಂತೆಯಿಲ್ಲ. ಮೂರ್ನಾಲ್ಕು ಮಿ.ಮೀ. ತಪ್ಪಿದ್ದರೆ ಸರಿಮಾಡದೆ ಓಡಿಸಬೇಡಿ.

ಕ್ಯಾಸೆಟ್‌ನಲ್ಲಿ ಸ್ಪೇಸರ್ ಅದಲುಬದಲು ಮಾಡಿದರೆ ಇದು ಸರಿಹೋಗುತ್ತದೆ. ಫ್ರೀವೀಲ್‌ನ ಹಬ್ಬಿನಲ್ಲಿ, ಆಕ್ಸಲ್‌ನ ಬಲಬದಿಯಲ್ಲಿರುವ ಸ್ಪೇಸರ್‌ಗಳಲ್ಲಿ ಬೇಕಾದಷ್ಟನ್ನು ಎಡಬದಿಗೆ ವರ್ಗಾಯಿಸಿ ಇಡೀ ಹಬ್ಬನ್ನು ಬಲಕ್ಕೆ ಸರಿಸಬೇಕು. ಆಕ್ಸಲ್ ಎರಡೂ ಕಡೆ ಸಮನಾಗಿ ಹೊರಚಾಚಿರುವಂತೆ ನೋಡಿಕೊಳ್ಳಬೇಕು. ಡಿಸ್ಕ್ ಬ್ರೇಕ್ ಇದ್ದರೆ ಅದರ ತಟ್ಟೆ (ರೋಟರ್) ಕೂಡ ಹಬ್ಬಿನ ಜೊತೆಗೇ ಸರಿಯುವುದರಿಂದ ಈ ಉಪಾಯ ನಡೆಯುವುದಿಲ್ಲ. ಆಗ ಒಂದೇ ಗೇರಿನ ಅಥವಾ ಕ್ಯಾಸೆಟ್ ಕೂರುವ ಹಬ್ ಇರುವ ಬೇರೆ ಹಿಂಚಕ್ರ ಕೊಳ್ಳುವುದೇ ಸರಿ. ರಿಮ್ ಬ್ರೇಕ್ ಇದ್ದರೆ ಹಬ್ ಸರಿಸಿದ ಮೇಲೆ ಕಡ್ಡಿಗಳನ್ನು ಬಿಗಿಮಾಡಿ, ಸಡಿಲಿಸಿ, ರಿಮ್ಮನ್ನು ಮತ್ತೆ ಫ್ರೇಮಿನ ನಡುಮಧ್ಯಕ್ಕೆ ತರಬೇಕು. ಚಕ್ರದ ಬೆಂಡ್ ತೆಗೆಯುವುದರಲ್ಲಿ ಪಳಗಿದ ಹಳೆಯ ಸೈಕಲ್ ಅಂಗಡಿಯವರು ಚಿಕ್ಕಮಗಳೂರಿನಲ್ಲೂ ಹಾಸನದಲ್ಲೂ ಇದ್ದಾರೆ. ಈ ಕೆಲಸಕ್ಕೆ ಬಣ್ಣಬಣ್ಣದ ಶೋರೂಮಿಗಿಂತ ಅವರೇ ವಾಸಿ. ಇದರಿಂದ ಒಂದು ಲಾಭವೂ ಇದೆ: ಗೇರಿನ ಚಕ್ರದಲ್ಲಿ ಬಲಗಡೆಯ ಕಡ್ಡಿಗಳು ನೆಟ್ಟಗೆ, ಎಡಗಡೆಯವು ಇಳಿಜಾರಾಗಿ ಇರುತ್ತವೆ. ಹಬ್ ಸರಿದ ಮೇಲೆ ಎರಡೂ ಬದಿಯ ಬಿಗಿತ ಹತ್ತಿರ ಹತ್ತಿರ ಬಂದು ಚಕ್ರ ಗಟ್ಟಿಯಾಗುತ್ತದೆ.

ಬಿಗಿತದ ಮಾತು. ಹಿಂಚಕ್ರದ ಆಕ್ಸಲ್ ಕೂರುವ ಕಚ್ಚು ಅಡ್ಡಡ್ಡವಾಗಿದ್ದರೆ ಚಕ್ರವನ್ನು ಹಿಂದಕ್ಕೆಳೆದು ಚೈನು ಬಿಗಿಮಾಡಬಹುದು. ನಿಮ್ಮದು ಗೇರಿನ ಮೌಂಟೇನ್ ಬೈಕ್ ಆದ್ದರಿಂದ ಕಚ್ಚು ಕೆಳಮುಖವಾಗಿಯೇ ಇರುತ್ತದೆ, ಹಾಗಾಗಿ ಚೈನನ್ನು ಬಿಗಿಯಾಗಿಡುವ ಚೈನ್ ಟೆನ್ಶನರ್ ಬೇಕು. ಡಿರೇಲರ್ ಕೂರುತ್ತಿದ್ದ ಹ್ಯಾಂಗರ್‌ಗೇ ಅದೂ ಕೂರುತ್ತದೆ. ನಿಮ್ಮ ಹ್ಯಾಂಗರ್ ಒಮ್ಮೆ ಬಾಗಿದೆ ಎಂದಿದ್ದೀರಿ. ಬಾಗಿದ್ದನ್ನು ನೇರ ಮಾಡಿದ ಅಲ್ಯೂಮಿನಿಯಂ ಮೊದಲಿನಷ್ಟು ಗಟ್ಟಿಯಿರುವುದಿಲ್ಲ. ಬಿಚ್ಚಿ ಬದಲಿಸಬಹುದಾದ ಹ್ಯಾಂಗರ್ ಆಗಿದ್ದರೆ ಹೊಸದನ್ನೇ ಹಾಕಿಸಿ, ಇಲ್ಲವಾದರೆ ಟೆನ್ಶನರ್‌ನ ರಾಟೆ ಚೈನಿಗೆ ಓರೆಯಾಗಿ ನಿಂತು ಚೈನನ್ನು ಬೀಳಿಸುತ್ತದೆ. ಹಳೆಯ ಡಿರೇಲರನ್ನೇ ಟೆನ್ಶನರ್ ಮಾಡಿಕೊಳ್ಳುವುದೂ ಉಂಟು: ಅದರ ಲಿಮಿಟ್ ಸ್ಕ್ರೂಗಳನ್ನು ತಿರುಗಿಸಿ ಹಲ್ಲಿನ ನೇರಕ್ಕೆ ನಿಲ್ಲಿಸಿ, ಚೈನನ್ನು ಮೊಟಕು ಮಾಡಿದರೆ ಕೆಲಸ ನಡೆಯುತ್ತದೆ. ಆದರೆ ನೆಲಕ್ಕೆ ಹತ್ತಿರ ಜೋತುಬಿದ್ದು ಕಡ್ಡಿಗೆ ಸಿಕ್ಕಿಕೊಳ್ಳುವ ಭಾಗವೇ ಅದಾದ್ದರಿಂದ ನಿಮ್ಮ ಮೂಲ ದೂರು ಹಾಗೆಯೇ ಉಳಿಯುತ್ತದೆ. ಒಂದೇ ರಾಟೆಯ, ಚೈನನ್ನು ಕೆಳಗಿನಿಂದ ಮೇಲಕ್ಕೆ ಒತ್ತುವ ಟೆನ್ಶನರ್ ಕೊಳ್ಳಿ. ಮೇಲಕ್ಕೆ ಒತ್ತಿದಾಗ ಚೈನು ಹಿಂದಿನ ಹಲ್ಲನ್ನು ಹೆಚ್ಚು ಸುತ್ತಿಕೊಳ್ಳುತ್ತದೆ, ಜಾರುವ ಸಂಭವ ಕಡಿಮೆ.

ಟೆನ್ಶನರ್ ಇಲ್ಲದೆಯೇ, ಹಲ್ಲುಗಳ ಸಂಖ್ಯೆಯನ್ನು ಹೊಂದಿಸಿಯೋ ಅರ್ಧ ಕೊಂಡಿ ಸೇರಿಸಿಯೋ ಚೈನು ಸರಿಯಾಗಿ ಬಿಗಿಯಾಗುವಂತೆ ಮಾಡುವ ಜಾಣ್ಮೆಯ ದಾರಿಯೊಂದಿದೆ. ಒಂದು ಹಲ್ಲು ಹೆಚ್ಚಾದರೆ ಆಕ್ಸಲ್ 3 ಮಿ.ಮೀ.ಯಷ್ಟು ಮುಂದೆ ಸರಿದಂತೆ. ಆದರೆ ಚೈನು ಸವೆಯುತ್ತಿದ್ದಂತೆ ಆ ಹೊಂದಾಣಿಕೆ ಕೆಡುತ್ತದೆ. ನಮ್ಮ ಕೆಂಪು ಕೆಸರಿನಲ್ಲಿ ಚೈನು ಬೇಗ ಸವೆಯುವುದರಿಂದ ನಿಮಗೆ ನಾನು ಅದನ್ನು ಸಲಹೆ ಮಾಡುವುದಿಲ್ಲ.

ಮುಂದಿನ ಕ್ರ್ಯಾಂಕ್‌ನಲ್ಲಿ ಚಕ್ರಗಳನ್ನು ಬೋಲ್ಟಿನಿಂದ ಕೂರಿಸಿದ್ದರೆ ದೊಡ್ಡದನ್ನೂ ಚಿಕ್ಕದನ್ನೂ ತೆಗೆದು ನಡುವಿನದನ್ನು ಉಳಿಸಿಕೊಳ್ಳಿ. ಆಗ ಗಿಡ್ಡ ಬೋಲ್ಟುಗಳು ಬೇಕಾಗುತ್ತವೆ. ರಿವೆಟ್ ಹೊಡೆದಿದ್ದರೆ ಹಾಗೆಯೇ ಬಿಡಿ. ಹಳೆಯ ಏಳು ಗೇರಿನ ಚೈನು ಸವೆದಿಲ್ಲದಿದ್ದರೆ ಅದನ್ನೇ ಬಳಸಬಹುದು, ಹಿಂದಿನ ಹಲ್ಲುಚಕ್ರವೂ ಅದೇ 3/32 ಇಂಚು ದಪ್ಪದ್ದಾಗಿದ್ದರೆ. ಊರಿನ ಸಾದಾ ಸೈಕಲ್‌ಗಳ ಫ್ರೀವೀಲ್ 1/8 ಇಂಚಿನದು. ಅದನ್ನು ಹಾಕಿದರೆ ಚೈನೂ 1/8 ಇಂಚಿನದೇ ಬೇಕು. ಅಗಲದ ಚೈನು ತೆಳು ಹಲ್ಲಿನ ಮೇಲೆ ಓಡುತ್ತದೆ, ತೆಳು ಚೈನು ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ.

ಸವಾರಿಯ ಬಗ್ಗೆ ಹೇಳುವಾಗ ಮೊಣಕಾಲಿನಿಂದಲೇ ಆರಂಭಿಸಬೇಕು. ಮೊಣಕಾಲನ್ನು ಕೆಡಿಸುವುದು ಒಂದೇ ಗೇರು ಎಂಬುದಲ್ಲ. ಸೀಟಿನ ಮೇಲೆ ಕುಳಿತೇ, ನಿಮಿಷಕ್ಕೆ ಮೂವತ್ತು ನಲವತ್ತು ಸುತ್ತಿಗೆ ಇಳಿದ ಮೇಲೂ, ಹಲ್ಲು ಕಚ್ಚಿ ತುಳಿಯುವ ಅಭ್ಯಾಸ ಅದನ್ನು ಕೆಡಿಸುತ್ತದೆ. ಕುಳಿತಾಗ ಮಡಿಚಿದ ಮೊಣಕಾಲಿನ ಚಿಪ್ಪಿನ ಮೇಲೆ ಬೀಳುವ ಹೊರೆ, ನಿಂತಾಗ ದೇಹದ ತೂಕವೇ ಕೆಲಸ ಮಾಡುವುದರಿಂದ ಬಹಳ ಮಟ್ಟಿಗೆ ತಗ್ಗುತ್ತದೆ. ಆದ್ದರಿಂದ ತುಳಿತ ನಿಧಾನವಾಯಿತೆನಿಸಿದ ಕೂಡಲೇ ಎದ್ದು ನಿಲ್ಲಿ. ನಿಂತರೂ ಆಗದಿದ್ದರೆ ಇಳಿಯಿರಿ. ಸೀಟಿನ ಎತ್ತರ ಸರಿಯಿರಲಿ: ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗ ಇಟ್ಟಾಗ ಮೊಣಕಾಲು ತುಸು ಮಡಿಚಿರಬೇಕು. ಗೇರಿನ ಸೈಕಲ್ಲಿನಲ್ಲಿ ಸೀಟು ತಗ್ಗಿಸಿಕೊಂಡು ಓಡಿಸುವವರು ನಮ್ಮಲ್ಲಿ ಬಹಳ. ಒಂದೇ ಗೇರಿನಲ್ಲಿ ಆ ಅಭ್ಯಾಸ ಉಳಿಸಿಕೊಂಡರೆ ನಿಮ್ಮ ಭಯ ನಿಜವಾಗುತ್ತದೆ. ಈಗಾಗಲೇ ಮೊಣಕಾಲು ನೋವಿದ್ದರೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ.

ನಿಂತು ತುಳಿಯುವುದಕ್ಕೂ ಕ್ರಮವಿದೆ. ಬಲಗಾಲು ಕೆಳಗೆ ಒತ್ತುವಾಗ ಬಲಗೈ ಹ್ಯಾಂಡಲನ್ನು ಮೇಲಕ್ಕೆಳೆಯಬೇಕು, ಎಡಗಾಲಿಗೆ ಎಡಗೈ. ಸೈಕಲ್ ನಿಮ್ಮಡಿಯಲ್ಲಿ ಎಡಬಲಕ್ಕೆ ಸ್ವಲ್ಪ ವಾಲಲಿ, ದೇಹ ಮಾತ್ರ ನೆಟ್ಟಗಿರಲಿ. ಹ್ಯಾಂಡಲ್‌ಬಾರ್ 720ರಿಂದ 760 ಮಿ.ಮೀ. ಅಗಲವಿದ್ದರೆ ಈ ಎಳೆತ ಹಗುರ. ಒಣ ರಸ್ತೆಯಲ್ಲಿ ಮುಂದಕ್ಕೆ ಬಾಗಿ ನಿಲ್ಲಬಹುದು. ಆದರೆ ಒದ್ದೆ ಜಂಬಿಟ್ಟಿಗೆ ಮಣ್ಣು, ಪಾಚಿ ಕಟ್ಟಿದ ಕಲ್ಲುಹಾಸು, ತೋಟದ ದಾರಿಯಲ್ಲಿ ಕೊಳೆತ ಎಲೆಗಳ ಮೇಲೆ ಹಾಗೆ ನಿಂತರೆ ಹಿಂಚಕ್ರದ ಮೇಲಿನ ಭಾರ ತಪ್ಪಿ ಅದು ಸುಮ್ಮನೆ ತಿರುಗುತ್ತದೆ. ಅಲ್ಲಿ ಸೊಂಟವನ್ನು ಸೀಟಿನ ಮೂತಿಯ ಮೇಲಕ್ಕೆ ತಂದು, ಮೊಣಕೈ ಮಡಿಚಿ ಎದೆ ತಗ್ಗಿಸಿ, ಝಾಡಿಸದೆ ಒಂದೇ ಸಮನೆ ಒತ್ತಿ. ಟೈರಿನ ಗಾಳಿಯನ್ನೂ ಇಳಿಸಿ; 2.1ರಿಂದ 2.25 ಇಂಚಿನ ಟ್ಯೂಬಿರುವ ಟೈರಿಗೆ, ನಿಮ್ಮ ತೂಕಕ್ಕೆ, ಹಿಂದೆ 30 ಪಿಎಸ್‌ಐ, ಮುಂದೆ ಅದಕ್ಕಿಂತ ಎರಡು ಮೂರು ಕಡಿಮೆ ಇರಲಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಬಂದರೆ ಹಿಡಿತವೇ ಇರುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಕಲಿಕೆ ವೇಗ ಕಾಯುವುದು. ಗೇರಿನ ಸವಾರ ಏರಿನ ಬುಡಕ್ಕೆ ಬಂದು ಗೇರು ಇಳಿಸುತ್ತಾನೆ. ನೀವು ಏರು ಕಾಣುವ ಮೊದಲೇ ವೇಗ ಕೂಡಿಸಿಕೊಂಡಿರಬೇಕು. ತಿರುವಿನಲ್ಲಿ ಅನಗತ್ಯವಾಗಿ ಒತ್ತಿದ ಒಂದು ಬ್ರೇಕಿನ ಬೆಲೆಯನ್ನು ಮುಂದಿನ ದಿಬ್ಬದಲ್ಲಿ ಕಾಲು ತೆರಬೇಕಾಗುತ್ತದೆ. ಹಾಗೆಂದು ಕುರುಡು ತಿರುವಿನಲ್ಲಿ ನುಗ್ಗಬೇಡಿ. ಕೊಯ್ಲಿನ ದಿನಗಳಲ್ಲಿ ತೋಟದ ದಾರಿಗಳಲ್ಲಿ ಜೀಪು, ಪಿಕಪ್ಪು, ತಲೆಯ ಮೇಲೆ ಚೀಲ ಹೊತ್ತವರು ಯಾವ ತಿರುವಿನಲ್ಲಾದರೂ ಎದುರಾಗಬಹುದು. ಡಿರೇಲರ್‌ನ ಸದ್ದಿಲ್ಲದ ಈ ಸೈಕಲ್ ಬರುವುದು ಯಾರಿಗೂ ಕೇಳುವುದಿಲ್ಲ, ಬೆಲ್ಲು ಬಾರಿಸಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆಗಳ ಓಡಾಟ ನಿಮಗೆ ಗೊತ್ತಿರುವುದೇ. ಬೆಳಕು ಚೆನ್ನಾಗಿ ಹರಿಯುವ ಮೊದಲು ಮತ್ತು ಸಂಜೆಗತ್ತಲಿನಲ್ಲಿ ತೋಟದ ಒಳದಾರಿಗಳಿಗೆ ಹೋಗಬೇಡಿ. ಬೇರೆಯವರ ತೋಟವಾದರೆ ಕೇಳಿ ಹೋಗಿ. ಮುತ್ತೋಡಿಯಂಥ ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಸೈಕಲ್ ಒಯ್ಯುವಂತಿಲ್ಲ.

ಮುಳ್ಳಯ್ಯನಗಿರಿಗೆ ಬರುತ್ತೇನೆ. ಗಿರಿಯ ಎತ್ತರ 1,930 ಮೀಟರ್, ಚಿಕ್ಕಮಗಳೂರು ಪಟ್ಟಣ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಸುಮಾರು 20 ಕಿ.ಮೀ. ದಾರಿಯಲ್ಲಿ 840 ಮೀಟರ್ ಏರಿಕೆ ಎಂದರೆ ಸರಾಸರಿ ಶೇಕಡಾ 4ರ ಆಸುಪಾಸು. ಮೇಲಿನ ಲೆಕ್ಕದ ಪ್ರಕಾರ 34/20ಕ್ಕೆ ಅದು ಹೊರೆಯೇ ಅಲ್ಲ. ಆದರೆ ಆ ಸರಾಸರಿಯನ್ನು ನಂಬಿ ಹೊರಡಬೇಡಿ. ಮೊದಲ ಭಾಗ ಸಲೀಸು, ಏರಿಕೆಯ ಬಹುಪಾಲು ಕೈಮರ ದಾಟಿದ ಮೇಲಿದೆ, ಸೀತಾಳಯ್ಯನಗಿರಿಯಿಂದಾಚೆ ಕಿರಿದಾದ ಹಿಮ್ಮುರಿ ತಿರುವುಗಳಲ್ಲಿ ಕಡಿದಾಗುತ್ತದೆ. 34/22ರಲ್ಲಿ, ಎರಡು ಮೂರು ಕಡೆ ತಳ್ಳಿಕೊಂಡು, ಸೀತಾಳಯ್ಯನಗಿರಿಯವರೆಗೆ ಹೋಗುವುದನ್ನು ಮೊದಲ ಗುರಿಯಾಗಿ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಹಿರೇಕೊಳಲೆ ಕೆರೆಯ ದಾರಿಯಲ್ಲಿ, ಬೇಲೂರು ರಸ್ತೆಯ ಅಲೆಯಲೆಯಾದ ಏರಿಳಿತದಲ್ಲಿ ಕಾಲು ಪಳಗಲಿ. ವಾರದ ನಡುವಿನ ದಿನ, ಬೆಳಿಗ್ಗೆ ಹೊರಡಿ. ವಾರಾಂತ್ಯದಲ್ಲಿ ಪ್ರವಾಸಿ ವಾಹನಗಳ ಸಾಲಿನ ನಡುವೆ ನಿಂತು ನಿಂತು ಹತ್ತುವುದು ಒಂದೇ ಗೇರಿನಲ್ಲಿ ಅಸಾಧ್ಯದ ಮಾತು, ಏಕೆಂದರೆ ಕಡಿದಾದ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದೇ ಕಷ್ಟ. ಪ್ರವೇಶದ ನಿಯಮಗಳನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ, ಎರಡನ್ನೂ ಒಟ್ಟಿಗೆ ಒತ್ತಿ ಬಿಡುತ್ತ ಬನ್ನಿ. ಬ್ರೇಕ್ ಪ್ಯಾಡುಗಳನ್ನು ಮೇಲೇರುವ ಮೊದಲೇ ನೋಡಿಕೊಂಡಿರಿ.

ಜೋಡಣೆ ಮುಗಿಸಿ ಮೊದಲ ಸವಾರಿ ಮಾಡಿ ಬಂದ ಮೇಲೆ ಹಿಂಚಕ್ರದ ನಟ್ಟು, ಟೆನ್ಶನರ್‌ನ ಬೋಲ್ಟು, ಚೈನ್‌ವೀಲ್‌ನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ. ಹೊಸ ಭಾಗಗಳು ಕೂತುಕೊಂಡ ಮೇಲೆ ಸಡಿಲಾಗುವುದು ಸಹಜ. ಮಳೆಗಾಲದಲ್ಲಿ ಪ್ರತಿ ಸವಾರಿಯ ನಂತರ ಕೆಸರನ್ನು ಸಾದಾ ನೀರಿನಿಂದ ತೊಳೆಯಿರಿ, ಪ್ರೆಶರ್ ಪಂಪಿನ ನೀರನ್ನು ಹಬ್ಬಿಗೂ ಫ್ರೀವೀಲ್‌ಗೂ ಹಾಯಿಸಬೇಡಿ. ಚೈನು ಒರೆಸಿ ಎಣ್ಣೆ ಬಿಡಿ. ಚೈನಿನ ಸವೆತವನ್ನು ಅದೇ ಸ್ಟೀಲ್ ಸ್ಕೇಲಿನಿಂದ ಅಳೆಯಬಹುದು: ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24 ಕೊಂಡಿ ಆಚೆಯ ಪಿನ್ನಿಗೆ ಸರಿಯಾಗಿ 12 ಇಂಚು ಇರುತ್ತದೆ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದಾಗ ಚೈನು ಮಾತ್ರ ಬದಲಿಸಿದರೆ ಸಾಕು. ಎಂಟನೇ ಒಂದು ಭಾಗಕ್ಕೆ ಹೋಗುವವರೆಗೆ ಬಿಟ್ಟರೆ ಹಲ್ಲುಚಕ್ರಗಳನ್ನೂ ಜೊತೆಗೇ ಬದಲಿಸಬೇಕಾಗುತ್ತದೆ. ಚೀಲದಲ್ಲಿ ಒಂದು ಟ್ಯೂಬು, ಪಂಪು, ಚೈನ್ ಟೂಲು, ತುಂಡಾದ ಚೈನನ್ನು ಕೂಡಿಸಲು ಒಂದು ಜೋಡಿ ಜೋಡುಕೊಂಡಿ (ಕ್ವಿಕ್ ಲಿಂಕ್), ಮತ್ತು ನಟ್ಟಿನ ಹಬ್ ಆಗಿದ್ದರೆ 15 ಮಿ.ಮೀ. ಪಾನಾ ಇರಲಿ, ಆ ಪಾನಾ ಇಲ್ಲದೆ ಪಂಕ್ಚರ್ ಆದ ಹಿಂಚಕ್ರವನ್ನು ದಾರಿಯಲ್ಲಿ ಬಿಚ್ಚಲು ಆಗುವುದಿಲ್ಲ.